ಕೊನೆಯ ಊರಿನ ಬೀಗ

ನಮ್ಮಪ್ಪ ಗುಂಡಯ್ಯ ಮೂವತ್ತೊಂದು ವರ್ಷ ಸೌಡಿಯಾಗಿದ್ದ. ಗೊರೂರು ಅಣೆಕಟ್ಟೆಯಿಂದ ಹೊರಟ ನೀರು ದೊಡ್ಡ ನಾಲೆಯಲ್ಲಿ ಬಂದು, ಸಣ್ಣ ನಾಲೆಗಳಿಗೆ ಹಂಚಿಹೋಗಿ, ಗದ್ದೆ ಸೇರುವ ತನಕ ದಾರಿಯುದ್ದಕ್ಕೂ ತೂಬುಗಳಿರುತ್ತವೆ. ಯಾವ ತೂಬನ್ನು ಯಾವ ದಿನ ಎತ್ತಬೇಕು, ಎಷ್ಟು ಎತ್ತಬೇಕು, ಯಾವಾಗ ಇಳಿಸಿ ಬೀಗ ಜಡಿಯಬೇಕು ಎಂದು ನೋಡಿಕೊಳ್ಳುವವನೇ ಸೌಡಿ. ಕೆಲಸವೇನೋ ದಿನಗೂಲಿಯದು. ಆದರೆ ನಮ್ಮ ಹಳೇಕೋಟೆ ಕಡೆಯ ಆ ಸಣ್ಣ ನಾಲೆಯ ಮೇಲೆ ಅಪ್ಪನ ಮಾತು ಇಂಜಿನಿಯರ್ ಮಾತಿಗಿಂತ ಜಾಸ್ತಿ ನಡೆಯುತ್ತಿತ್ತು.

ನೀರು ಕಡಿಮೆಯಿದ್ದ ವರ್ಷ ಕಟ್ಟು ಪದ್ಧತಿ. ಅಂದರೆ ಮೇಲಿನ ಗದ್ದೆಯವರಿಗೆ ಇಷ್ಟು ದಿನ, ನಡುವಿನವರಿಗೆ ಇಷ್ಟು ದಿನ, ನಾಲೆಯ ಕೊನೆಯಲ್ಲಿರುವವರಿಗೆ ಇಷ್ಟು ದಿನ ಎಂದು ಸರದಿ ಮಾಡಿ ನೀರು ಬಿಡುವುದು. ಆಗ ನಮ್ಮ ಮನೆಯ ಜಗಲಿ ಖಾಲಿ ಇರುತ್ತಿರಲಿಲ್ಲ. ಒಬ್ಬ ಕುಂಬಳಕಾಯಿ ಹೊತ್ತು ತರುತ್ತಿದ್ದ, ಇನ್ನೊಬ್ಬ ಬರೀ ಮಾತಿನಲ್ಲೇ ಬೆಣ್ಣೆ ಹಚ್ಚುತ್ತಿದ್ದ. ಅಪ್ಪ ಕುಂಬಳಕಾಯಿಯನ್ನು ತಂದವನ ತಲೆಗೇ ಹೊರಿಸಿ ಕಳಿಸುತ್ತಿದ್ದ. “ಸರದಿ ಬರ್ಲಿ, ತಗೀತೀನಿ” ಎನ್ನುವುದೇ ಎಲ್ಲರಿಗೂ ಉತ್ತರ. ಆ ಮಾತು ಬಾಯಿಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ನಾನೋ ತಮ್ಮನೋ ಇನ್ನೊಂದು ಮುದ್ದೆ ಕೇಳಿದರೂ ಅವ್ವ ಏಳುವ ಮೊದಲೇ ಅಪ್ಪ ಸರದಿಯ ಮಾತು ತೆಗೆಯುತ್ತಿದ್ದ. ನಾವು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು.

ನಾನು ಅವನ ಮಗಳು ನಾಗಲಕ್ಷ್ಮಿ. ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಅವ್ವ ಹೋದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾನೆ. ಇದನ್ನು ಅಪ್ಪನನ್ನು ಹೊಗಳುವುದಕ್ಕೆಂದು ಬರೆಯುತ್ತಿಲ್ಲ. ನಾನು ಮಾಡಿದ ಒಂದು ತಪ್ಪು ಹೇಳಿಕೊಳ್ಳಬೇಕಾಗಿದೆ. ಅದು ಎಷ್ಟು ದೊಡ್ಡ ತಪ್ಪು ಎಂದು ತಿಳಿಯಬೇಕಾದರೆ ಅಪ್ಪ ಎಂಥವನು ಎಂಬುದು ಮೊದಲು ಗೊತ್ತಿರಬೇಕು.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಬೇಗ ಸರಿಹೋಯಿತು, ಮಾತೂ ಬಂತು, ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಅಂಗೈಯೊಳಗೆ ಮಡಚಿಕೊಂಡೇ ಇರುತ್ತಿದ್ದವು. ಹಾಸನದ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಬೇಕು ಎಂದರು. ಮನೆಗೆ ಬಂದವನೇ ಅಪ್ಪ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ. “ಚೆಂಡು ಇಡ್ಕಂಡು ಕೂರಕ್ಕೆ ನಾನೇನು ಕೂಸಾ?” ಎಂದ. ನಾನು ಬೈದೆ, ಗೋಗರೆದೆ, ಊಟ ಹಾಕುವುದಿಲ್ಲ ಎಂದು ಹೆದರಿಸಿದೆ. ಯಾವುದಕ್ಕೂ ಜಗ್ಗಲಿಲ್ಲ.

ಚನ್ನರಾಯಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮ ಶಾಂತರಾಜು ಒಂದು ಭಾನುವಾರ ಟ್ಯಾಬ್ ಹಿಡಿದುಕೊಂಡು ಬಂದ.

“ಅಕ್ಕಾ, ಇದ್ರಲ್ಲಿ ನೀರು ಬುಡೋ ಆಟ ಒಂದೈತೆ. ಅಪ್ಪಂಗೆ ಕೊಟ್ಟು ನೋಡು, ಬೆರಳಾದ್ರೂ ಆಡ್ಲಿ” ಎಂದ.

ಬೆಟ್ಟದ ಮೇಲೆ ಒಂದು ಕೆರೆ, ಕೆಳಗೆ ಎಂಟು ಊರು. ಬೆರಳಿನಿಂದ ಗೆರೆ ಎಳೆದರೆ ನಾಲೆಯಾಗುತ್ತದೆ. ತೂಬಿನ ಚಕ್ರದ ಮೇಲೆ ಬೆರಳಿಟ್ಟು ಗುಂಡಗೆ ತಿರುಗಿಸಿದರೆ ತೂಬು ಏಳುತ್ತದೆ. ನಡುವೆ ಏರಿ ಒಡೆಯುತ್ತದೆ, ಹೂಳು ತುಂಬುತ್ತದೆ, ಏಡಿ ಬಿಲ ತೋಡಿ ನೀರು ಸೋರುತ್ತದೆ. ಒಂದು ಊರಿಗೆ ನೀರು ಮುಟ್ಟಿದರೆ ಅಲ್ಲಿಯ ಜನ ಹೊರಗೆ ಬಂದು ಕೈ ಬೀಸುತ್ತಾರೆ, ಮುಂದಿನ ಊರು ತೆರೆದುಕೊಳ್ಳುತ್ತದೆ. ಪೂರ್ತಿ ಆಟ ಎಂದು ಬರೆದಿದ್ದಕ್ಕೆ ನಾನೇ ನನ್ನ ಖಾತೆಯಿಂದ ಕೇಳಿದಷ್ಟು ದುಡ್ಡು ಕಟ್ಟಿ ಹಾಕಿಸಿದೆ.

ಮೊದಲ ದಿನ ಅಪ್ಪ ಎಡಗೈಯಲ್ಲಿ ಮುಟ್ಟಿದ, ಎರಡು ನಿಮಿಷಕ್ಕೇ ಬೈಯಲು ಶುರುಮಾಡಿದ. “ಯಾವನ್ಲಾ ಇದ ಮಾಡಿದ್ದು? ನೀರು ಇಂಗೆ ದಿಬ್ಬ ಅತ್ತದಾ?” ಎಂದ. ಬೈಯುತ್ತಲೇ ಒಂದು ಗಂಟೆ ಕೂತ. ಎಡಗೈಯಲ್ಲಿ ಚಕ್ರ ತಿರುಗಿಸುವುದು ಅವನಿಗೆ ಸರಿಬರಲಿಲ್ಲ, ಮೂವತ್ತೊಂದು ವರ್ಷ ತಿರುಗಿಸಿದ್ದು ಬಲಗೈ ತಾನೇ. ನಾಲ್ಕನೇ ದಿನ ನಾನು ಶಾಲೆಯಿಂದ ಬರುವಾಗ, ಮಡಚಿದ ಬಲಗೈಯಿಂದ ಒಂದೇ ಒಂದು ಬೆರಳನ್ನು ಎಡಗೈಯಲ್ಲಿ ಬಿಡಿಸಿಟ್ಟುಕೊಂಡು ತೂಬು ಎತ್ತುತ್ತಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಾಲ್ಕನೇ ಊರು ಮುಗಿಯುವ ಹೊತ್ತಿಗೆ ಬಲಗೈಯಲ್ಲಿ ಕಾಫಿ ಲೋಟ ಹಿಡಿದ. ಹಾಸನದ ಡಾಕ್ಟರಂತೂ ಚೆಂಡಿನ ಮಹಿಮೆ ಎಂದುಕೊಂಡು ಬೀಗಿದರು, ನಾವೂ ಸುಮ್ಮನಿದ್ದೆವು.

ಅಪ್ಪನಿಗೆ ತಲೆ ಕೆಟ್ಟಿರಲಿಲ್ಲ. ಒಮ್ಮೆ ಊಟಕ್ಕೆ ಕರೆದರೆ “ತಡಿ, ನಡುವ್ಲೂರಿಗೆ ನೀರು ಬುಟ್ಟಿವ್ನಿ” ಎಂದಾಗ ನಾನು ನಕ್ಕೆ. “ಆಟ ಅಂತ ನಂಗೊತ್ತಿಲ್ವಾ? ಆದ್ರೂ ತೂಬು ತೂಬೇ ಕಣವ್ವಾ” ಎಂದ.

ಏಳನೇ ಊರು ದೀಪಾವಳಿಯ ವಾರ ಮುಗಿಯಿತು. ಜನ ಕೈ ಬೀಸಿದರು. ಎಂಟನೇ ಊರು ತೆರೆಯಲಿಲ್ಲ. ನಾಲೆಯ ತುತ್ತತುದಿಯಲ್ಲಿ ಎರಡು ಗುಡಿಸಲು, ಬೂದಿ ಬಣ್ಣದ ಗದ್ದೆ, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತ ಒಬ್ಬ ಮುದುಕಿ, ಅವಳ ಮುಂದಿನ ತೂಬಿಗೆ ದೊಡ್ಡದೊಂದು ಬೀಗ. ಬೀಗ ಮುಟ್ಟಿದರೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ಅಪ್ಪ ಟ್ಯಾಬನ್ನು ನನ್ನ ಕೈಗೆ ಕೊಟ್ಟ.

ಓದಿದೆ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಎಂಟನೇ ಊರು ಬೇಕಾದರೆ ಬೇರೆ ದುಡ್ಡು ಕೊಡಬೇಕಂತೆ. ಅದರ ಜೊತೆಗೆ ಚಿನ್ನದ ತೂಬು, ಆಟದೊಳಗೆ ತೂಬು ಎತ್ತುವ ಸೌಡಿ ಬೊಂಬೆಯ ತಲೆಗೊಂದು ಕಿರೀಟ, ಸಂಕ್ರಾಂತಿಗೋ ಕ್ರಿಸ್‌ಮಸ್‌ಗೋ ಹಾಕಿಕೊಳ್ಳುವ ಬಣ್ಣದ ಅಂಗಿ. ಕಿರೀಟ ಯಾರು ಕೇಳಿದರು? ನಾವು ಕೊಂಡಾಗ ಎಂಟು ಊರು ಎಂದೇ ಬರೆದಿತ್ತು. ಆಮೇಲೆ ಯಾವಾಗಲೋ ಆಟ ತನ್ನಷ್ಟಕ್ಕೇ ಅಪ್‌ಡೇಟ್ ಆಗಿ ಹೊಸದಾಗಿ ಇಳಿದುಕೊಂಡಾಗ ಕೊನೆಯ ಊರನ್ನು ಕಿತ್ತು ಆಚೆಗಿಟ್ಟು ಬೆಲೆ ಕಟ್ಟಿದ್ದರು. ಊಟಕ್ಕೆ ಟೋಕನ್ ಕೊಟ್ಟು, ಸಾರನ್ನ ಬಡಿಸಿ, ಮಜ್ಜಿಗೆಗೆ ಕೈಯೊಡ್ಡಿದಾಗ ಅದಕ್ಕೆ ಬೇರೆ ಟೋಕನ್ ತನ್ನಿ ಎಂದ ಹಾಗೆ.

ನಾನು ಸುಮ್ಮನಿರುವ ಪೈಕಿಯಲ್ಲ. ಆಟ ಮಾಡಿದ ಕಂಪನಿಗೆ ಉದ್ದನೆಯ ಪತ್ರ ಬರೆದೆ. ಎಂಟು ಊರಿಗೆ ದುಡ್ಡು ತೆಗೆದುಕೊಂಡು ಏಳು ಊರು ಕೊಡುವುದನ್ನು ನಮ್ಮ ಲೆಕ್ಕದಲ್ಲಿ ಮೋಸ ಎನ್ನುತ್ತೇವೆ ಎಂದೆ. ಎರಡು ದಿನಕ್ಕೆ ಉತ್ತರ ಬಂತು. ನೀವು ಕೇಳಿದ ಊರು ನಮ್ಮ ಅಂಗಡಿಯಲ್ಲಿ ಲಭ್ಯವಿದೆ, ನಿಮ್ಮ ಆಸಕ್ತಿಗೆ ಧನ್ಯವಾದ. ಅದನ್ನು ಮನುಷ್ಯರು ಬರೆದಿರಲಾರರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

“ನಮ್ಮನೇಲೂ ಇದೇ ಗೋಳು ಮೇಡಂ. ಮಗಳು ಕಾರ್ ಓಡ್ಸೋ ಆಟ ಹಾಕ್ಕೊಂಡವಳೆ, ಕಾರ್ ಕೊಡ್ತಾರೆ, ರೋಡ್‌ಗೆ ಬೇರೆ ದುಡ್ಡು” ಎಂದರು ಸಮಾಜ ಪಾಠ ಹೇಳುವ ರೂಪಶ್ರೀ. “ಕೊಟ್ಟು ಬಿಸಾಕಿ ಅತ್ಲಾಗೆ. ನಿಮ್ ತಂದೆಗಿಂತ ಅದು ಹೆಚ್ಚಾ?”

“ದುಡ್ಡಿನ ಮಾತಲ್ಲ ಮೇಡಂ, ನ್ಯಾಯದ ಮಾತು” ಎಂದೆ. ಹಾಗೆ ಹೇಳಿದಾಗ ನನಗೆ ನನ್ನ ಬಗ್ಗೆಯೇ ಒಂದಿಷ್ಟು ಹೆಮ್ಮೆಯಾಗಿತ್ತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಪ್ಪನಿಗೆ ಏನಾದರೂ ಹೇಳಬೇಕಿತ್ತಲ್ಲ. ಸಂಜೆ ಬಂದು ಚೀಲ ಇಡುವ ಮೊದಲೇ ಕೇಳಿದ.

“ಯಾಕಂತೆ ಬೀಗ ಆಕಿರಾದು?”

ಅಂಗಡಿ, ಮೋಸ, ಪತ್ರ ಎಂದು ಅಷ್ಟನ್ನೂ ವಿವರಿಸುವ ತಾಳ್ಮೆ ಆವತ್ತು ನನಗಿರಲಿಲ್ಲ. ಸುಲಭದ ದಾರಿ ಕಂಡಿತು.

“ಈ ಆಟನ ಲಕ್ಷಗಟ್ಟಲೆ ಜನ ಆಡ್ತಾರಪ್ಪ. ಕೊನೇ ಊರ ಎಲ್ಲಾರಿಗೂ ಒಂದೇ ಸಲ ಬಿಡಲ್ಲ. ಒಬ್ಬೊಬ್ಬರಿಗೇ ತೆಗೀತಾರೆ. ನಿನ್ನ ಸರದಿ ಬಂದಾಗ ನಿಂಗೂ ತೆಗೀತಾರೆ” ಎಂದೆ.

ಇನ್ನೊಬ್ಬರಾಗಿದ್ದರೆ ಗೊಣಗುತ್ತಿದ್ದರು. ಅಪ್ಪನ ಮುಖ ಅರಳಿತು. “ಅಂಗೋ. ಒಳ್ಳೆ ಪದ್ಧತಿನೇ ಇಟ್ಟವ್ರೆ” ಎಂದ. ಅಲ್ಲಿಯವರೆಗೆ ಬೈಯುತ್ತಿದ್ದ ಆ ಆಟದವರ ಮೇಲೆ ಆವತ್ತಿನಿಂದ ಅವನಿಗೆ ಗೌರವ ಬಂತು.

ಸರದಿ ಬರುವ ದಿನಕ್ಕೆ ಅಪ್ಪ ಸಿದ್ಧತೆ ಮಾಡತೊಡಗಿದ. ದಿನಾ ಬೆಳಿಗ್ಗೆ ಟ್ಯಾಬ್ ತೆರೆದು ಏಳೂ ಊರಿನ ನಾಲೆಯ ಹೂಳು ತೆಗೆಯುತ್ತಿದ್ದ, ಏಡಿ ಬಿಲ ಮುಚ್ಚುತ್ತಿದ್ದ. ಮೇಲಿನ ಊರುಗಳಿಗೆ ಎಷ್ಟು ಬೇಕೋ ಅಷ್ಟೇ ಬಿಟ್ಟು, ಕೊನೆಯ ಊರಿಗೆಂದು ಕೆರೆಯಲ್ಲಿ ನೀರು ಉಳಿಸಿಟ್ಟಿದ್ದ. ಕೊನೆಗೆ ಬೀಗವನ್ನೊಮ್ಮೆ ಮುಟ್ಟಿ ನೋಡುವುದು. ಇಂಗ್ಲಿಷು ಬಂದರೆ “ಇವತ್ತಿಲ್ಲ” ಎಂದು ಮುಚ್ಚಿಡುವುದು. ಈಗ ತಿರುಗಿಸಲು ಹೊಸ ತೂಬು ಇಲ್ಲದ ಮೇಲೆ ಬೆರಳಿಗೆ ಕೆಲಸ ಕಡಿಮೆಯಾಯಿತು, ಕೈ ಮತ್ತೆ ಬಿಗಿಯತೊಡಗಿತು. ನನಗೆ ಅದು ಕಾಣುತ್ತಿತ್ತು. ಕಂಡರೂ ಆ ಕಂಪನಿಗೆ ಸೋಲಬಾರದು ಎಂಬ ಹಠ. ಆಗಾಗ ಅವರೇ ಬೆಲೆ ಇಳಿಸಿದ್ದೇವೆ ಎಂದು ಕಳಿಸುತ್ತಿದ್ದರು, ಹಬ್ಬದ ವಾರ ಮಾತ್ರ ಎನ್ನುತ್ತಿದ್ದರು. ಅಳಿಸಿಹಾಕುತ್ತಿದ್ದೆ. ಹೀಗೇ ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು.

ಯುಗಾದಿಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ, ಉತ್ತರ ಪತ್ರಿಕೆ ತಿದ್ದುತ್ತಾ ಅವನ ಮಂಚದ ಪಕ್ಕ ಕೂತಿದ್ದೆ. ಅಪ್ಪ ಟ್ಯಾಬ್ ನೋಡುತ್ತಾ ನೋಡುತ್ತಾ ಇದ್ದಕ್ಕಿದ್ದಂತೆ ಕೇಳಿದ.

“ನಿನ್ನ ಸೈಕಲ್ಲು ಗ್ಯಾಪ್ಕ ಐತಾ ಲಕ್ಷ್ಮವ್ವ?”

ಇರದೆ ಏನು. ಹಸಿರು ಬಣ್ಣದ ಲೇಡೀಸ್ ಸೈಕಲ್. ಊರಿನಿಂದ ಹೊಳೆನರಸೀಪುರದ ಹೈಸ್ಕೂಲಿಗೆ ಮೂರು ವರ್ಷ ಅದರಲ್ಲೇ ಓಡಾಡಿದ್ದು. ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಎಂದು ಅಪ್ಪ ಆಗ ಹೇಳಿದ್ದ.

“ಅದ ನಾನು ಕೊಂಡಿದ್ದಲ್ಲ” ಎಂದ. “ಮ್ಯಾಲ್ನ ಗದ್ದೆಯೋರು ಒಬ್ರು ಕೊಟ್ಟಿದ್ದು. ಕೊನೆಯೋರ ಸರದಿಲಿ ಎಲ್ಡು ದಿನ ಅವರ ಕಡೀಕೆ ನೀರು ತಿರುಗ್ಸುದ್ದೆ. ಬಸ್ಸಿಲ್ಲ ಅಂತ ನೀನು ಸ್ಕೂಲು ಬುಡೋ ಅಂಗಾಗಿದ್ದೆ. ಎಲ್ಡು ದಿನ ತಾನೆ, ಆಮೇಕೆ ಜಾಸ್ತಿ ಬುಟ್ರಾಯ್ತು ಅಂದ್ಕಂಡೆ. ನೋಡುದ್ರೆ ಮೂರ್ನೇ ದಿನ ಮ್ಯಾಲಿಂದಲೇ ನೀರು ನಿಲ್ಸ್‌ಬುಟ್ರು.”

ನನ್ನ ಕೈಯ ಕೆಂಪು ಪೆನ್ನು ನಿಂತುಹೋಯಿತು.

ನಾಲೆಯ ತುದಿಯಲ್ಲಿ ಹೊನ್ನಕ್ಕ ಎಂಬಾಕೆಗೆ ಅರ್ಧ ಎಕರೆ ಗದ್ದೆ ಇತ್ತಂತೆ. ನಾಟಿಗೆಂದು ಹಾಕಿದ್ದ ಭತ್ತದ ಸಸಿಯ ಒಟ್ಲು ಆ ಬಿಸಿಲಿಗೆ ಸುಟ್ಟುಹೋಯಿತು. ಇನ್ನೊಮ್ಮೆ ಬಿತ್ತನೆಗೆ ಹೊತ್ತೂ ಇರಲಿಲ್ಲ, ಬೀಜವೂ ಇರಲಿಲ್ಲ. ಆ ವರ್ಷ ಗದ್ದೆ ಬೀಳು ಬಿಟ್ಟು ಆಕೆ ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋದಳು.

“ಓಗಕ್ಕೆ ಮುಂಚೆ ನಮ್ಮನೆ ತಾವ ಬಂದಿದ್ಲು” ಎಂದ ಅಪ್ಪ. “ಗ್ವಾಡೆಗೆ ಸೈಕಲ್ಲು ಒರಗ್ಸಿತ್ತು. ಅದುನ್ನೇ ನೋಡುದ್ಲು. ‘ಮಗೀಗೆ ಸೈಕಲ್ಲು ಚೆಂದಾಗೈತೆ ಗುಂಡಯ್ಯ’ ಅಂದ್ಲು. ಅಷ್ಟೇಯ. ಬೈಲಿಲ್ಲ, ಅಳ್ಲಿಲ್ಲ. ಬೈದುಬುಟ್ಟಿದ್ರೆ ಚೆಂದಾಗಿತ್ತು.”

ಆ ಸೈಕಲ್ ಇಲ್ಲದಿದ್ದರೆ ನಾನು ಹತ್ತನೇ ತರಗತಿ ಮುಟ್ಟುತ್ತಿರಲಿಲ್ಲ, ಈ ಕೆಂಪು ಪೆನ್ನೂ ಇರುತ್ತಿರಲಿಲ್ಲ.

“ಇದ್ರೊಳಗಿನ ಮುದುಕಿ ನೋಡುದಾಗೆಲ್ಲ ಒನ್ನಕ್ಕನೇ ನಿಂತಂಗಾಯ್ತದೆ” ಎಂದ. “ಆಟನೋ ಗೀಟನೋ, ಈ ಸಲ ಆದ್ರೂ ನ್ಯಾಯವಾಗಿ ಸರದಿ ಬಂದು, ನನ್ನ ಕೈಲೇ ಆ ತೂಬು ಎತ್ತಬೇಕು ಅಂತ ಆಸೆ. ಅದ್ಕೇ ಕೇಳಾದು, ಯಾವಾಗ ತಗೀತಾರಂತೆ?”

“ಬೇಗ ತೆಗೀತಾರಪ್ಪ” ಎಂದೆ.

ಆ ಹೊತ್ತಿನಲ್ಲೇ ನಿಜ ಹೇಳಿಬಿಡಬಹುದಿತ್ತು. ಸರದಿಯೂ ಇಲ್ಲ, ಪದ್ಧತಿಯೂ ಇಲ್ಲ, ಇದು ಬರೀ ಅಂಗಡಿ ಎಂದು ಎರಡು ಮಾತು ಸಾಕಿತ್ತು. ನಾನು ಹೇಳಲಿಲ್ಲ. ತಲೆಯಲ್ಲಿದ್ದದ್ದು ಒಂದೇ ಯೋಚನೆ, ನಾಳೆಯೇ ಆ ಬೀಗ ತೆಗೆಸಿಬಿಡಬೇಕು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ದುಡ್ಡು ಕಟ್ಟಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಐದು ತಿಂಗಳು ಎಳೆದದ್ದು ಇಷ್ಟಕ್ಕೇನಾ ಅನ್ನಿಸಿತು.

ಸಂಜೆ ಮನೆಗೆ ಬಂದು “ಅಪ್ಪಾ, ನಿನ್ನ ಸರದಿ ಬಂತಂತೆ” ಎಂದೆ.

ಅಪ್ಪ ತಕ್ಷಣ ಟ್ಯಾಬಿಗೆ ಕೈಹಾಕಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದ. ಒಗೆದ ಅಂಗಿ ಹಾಕಿಕೊಂಡ, ಗುಂಡಿ ಹಾಕಲು ನನ್ನನ್ನು ಕರೆಯದೆ ತಾನೇ ಹೆಣಗಿ ಹಾಕಿಕೊಂಡ. ಜಗಲಿಯ ಮೇಲೆ ಕೂತು ಬಲಗೈಯ ಬೆರಳು ಬಿಡಿಸಿ ಬೀಗ ಮುಟ್ಟಿದ.

ಬೀಗ ಸಿಡಿಯಿತು. ಅದರೊಳಗಿಂದ ಚಿನ್ನದ ನಾಣ್ಯಗಳು ಸುರಿದವು. ಸೌಡಿ ಬೊಂಬೆಯ ತಲೆಯ ಮೇಲೆ ಕಿರೀಟ ಬಂದು ಕೂತಿತು. ನನ್ನ ಖಾತೆಯೇ ಅದರಲ್ಲೂ ಇತ್ತಲ್ಲ, ಪರದೆಯ ಮೇಲ್ಭಾಗದಲ್ಲಿ ದುಡ್ಡು ಸಂದದ್ದಕ್ಕೆ ರಸೀದಿಯೂ ತೆರೆದುಕೊಂಡಿತು. ಅಪ್ಪನಿಗೆ ಇಂಗ್ಲಿಷು ಬಾರದು. ಆದರೆ ನಾಲೆಯ ಅಳತೆಗಲ್ಲು ಓದಿದವನಿಗೆ ಅಂಕಿ ಬಾರದೆ ಇರುತ್ತದೆಯೇ?

“ಆರ್ನೂರ ನಲ್ವತ್ತೊಂಬತ್ತು ರೂಪಾಯಿ” ಎಂದು ಓದಿದ. “ಏನಿದು?”

“ಏನೋ ಜಾಹೀರಾತಪ್ಪ.”

ನಾಣ್ಯಗಳು ಇನ್ನೂ ಬೀಳುತ್ತಲೇ ಇದ್ದವು. ಅಪ್ಪ ಅವನ್ನೇ ನೋಡಿದ, ಆಮೇಲೆ ನನ್ನನ್ನು ನೋಡಿದ.

“ದುಡ್ಡು ಕೊಟ್ಟು ತೆಗ್ಸುದ್ಯಾ?”

ನಾನು ತಲೆ ತಗ್ಗಿಸಿದೆ.

“ಯಾರ ಸರದಿ ಕಿತ್ತು ನಂಗೆ ಕೊಡ್ಸುದೆ, ಮಗಾ?” ದನಿ ಏರಿಸಲಿಲ್ಲ. ನೋವಾದವನ ಹಾಗೆ ಕೇಳಿದ.

ಆಗ ಎಲ್ಲವನ್ನೂ ಹೇಳಿದೆ. ಯಾರ ಸರದಿಯನ್ನೂ ಕಿತ್ತಿಲ್ಲ, ಸರದಿ ಅನ್ನುವುದೇ ಇಲ್ಲ, ಅದು ನಾನು ಕಟ್ಟಿದ ಕತೆ, ಇದು ಅಂಗಡಿ ಸಾಮಾನಿನ ಹಾಗೆ, ಯಾರು ದುಡ್ಡು ಕೊಟ್ಟರೂ ಅದೇ ಗಳಿಗೆ ಕೊಡುತ್ತಾರೆ ಎಂದೆ. ಅಪ್ಪನ ಮನಸ್ಸು ಹಗುರಾಗುತ್ತದೆ ಎಂದು ನಿಜವಾಗಿಯೂ ನಂಬಿ ಹೇಳಿದೆ. ಅವನು ಒಂದೊಂದೇ ಮಾತನ್ನು ಜೋಡಿಸಿಕೊಂಡು ಕೇಳತೊಡಗಿದ.

“ಅಂಗಾರೆ ಅವತ್ತೇ ಕೊಟ್ಟಿದ್ರೆ ಅವತ್ತೇ ತಗೀತಿದ್ರಾ?”

“ಹೂಂ.”

“ದುಡ್ಡಿರ್ನಿಲ್ವಾ ನಿನ್ ತಾವ?”

“ಇತ್ತಪ್ಪ.”

“ಅಂಗಾರೆ ಇಷ್ಟು ದಿನ ಆ ಊರ ನೀರ ತಡ್ದಿದ್ದು ನೀನಾ?”

ಅಪ್ಪ ಟ್ಯಾಬನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕುವುದು ಕಾಣಿಸಿತು.

ಆವತ್ತಿನಿಂದ ಅವನು ಅದನ್ನು ಮುಟ್ಟಿಲ್ಲ. ಸಿಟ್ಟಿಲ್ಲ, ನನ್ನ ಜೊತೆ ಮಾತು ಬಿಟ್ಟಿಲ್ಲ, ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಾನೆ. ಬಲಗೈಯಲ್ಲಿ ಲೋಟ ಹಿಡಿಯುವುದು ನಿಂತಿದೆ. ಹಾಸನಕ್ಕೆ ಕರೆದುಕೊಂಡು ಹೋದಾಗ, ಇಷ್ಟು ಚೆನ್ನಾಗಿ ಬರುತ್ತಿದ್ದ ಕೈ ಯಾಕೆ ಹೀಗಾಯಿತು ಎಂದು ಡಾಕ್ಟರು ಕೇಳಿದರು. “ವಯಸ್ಸಾಯ್ತಲ್ಲ ಸಾ” ಎಂದ ಅಪ್ಪ. ನನ್ನನ್ನು ಕಾಪಾಡುವುದಕ್ಕೆ ಹೇಳಿದ್ದು ಅದು. ಕಂಪನಿಯವರು ಮೋಸಗಾರರೇ, ಆ ಮಾತು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅವರ ಬೀಗಕ್ಕೆ ನ್ಯಾಯದ ಬಣ್ಣ ಬಳಿದು ಅಪ್ಪನ ಮುಂದೆ ಇಟ್ಟವಳು ನಾನು. ಮೊದಲ ದಿನವೇ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ, “ಆಳಾದೋರು” ಎಂದು ಬೈದು, “ತಗೋ ಅತ್ಲಾಗೆ” ಎಂದಿರುತ್ತಿದ್ದ. ಸಂತೆಯಲ್ಲಿ ಕೊಂಡ ಸಾಮಾನಿಗೂ ತೂಬಿನ ಹತ್ತಿರ ಕೊಟ್ಟ ಸೈಕಲಿಗೂ ಇರುವ ವ್ಯತ್ಯಾಸ ಅವನಷ್ಟು ತಿಳಿದವರು ಯಾರಿದ್ದಾರೆ?

ಹೋದ ತಿಂಗಳು ಒಂದು ಸಂಜೆ ನಾನೇ ಟ್ಯಾಬ್ ತೆಗೆದುಕೊಂಡು ಅವನ ಪಕ್ಕ ಕೂತೆ. ಅವನು ಉಳಿಸಿಟ್ಟಿದ್ದ ನೀರು ಕೆರೆಯಲ್ಲಿ ಹಾಗೇ ಇತ್ತು. ತೂಬು ಎತ್ತಿದೆ. ನೀರು ಏಳು ಊರು ದಾಟಿ ಕೊನೆಯ ಗದ್ದೆಗೆ ಇಳಿಯಿತು, ಬೂದಿ ಬಣ್ಣ ಹೋಗಿ ಹಸಿರಾಯಿತು, ಮುದುಕಿ ಬಿಂದಿಗೆ ಕೆಳಗಿಟ್ಟು ಕೈ ಬೀಸಿದಳು.

“ನೋಡಪ್ಪಾ, ಮುಟ್ತು” ಎಂದೆ.

ಅಪ್ಪ ತಿರುಗಿ ನೋಡಿದ. ಮುದುಕಿ ಕೈ ಬೀಸುವುದು ನಿಲ್ಲುವ ತನಕ ನೋಡಿದ.

“ನೀನು ಬುಟ್ಟೆ, ಒಳ್ಳೇದಾಯ್ತು” ಎಂದ. “ನಾನು ಬುಡಬೇಕು ಅಂತಿದ್ದೆ.”